28 ಕಿಲೋ ಫ್ರೀಜರ್, ಐದು ಬಾಯಿ: ಮಳೆಗಾಲದ ಎರಡು ತಿಂಗಳ ಲೆಕ್ಕ

ನಮ್ಮ ಮನೆ ಉಡುಪಿಯ ಸಂತೆಕಟ್ಟೆಯ ಹತ್ತಿರ. ಅತ್ತೆ, ಮನೆಯವರು, ನಾನು, 11 ವರ್ಷದ ಮಗ, 7 ವರ್ಷದ ಮಗಳು. ಎರಡು ವರ್ಷದ ಹಿಂದೆ ಮುಚ್ಚಿಹೋದ ಒಂದು ಐಸ್‌ಕ್ರೀಂ ಅಂಗಡಿಯಿಂದ 100 ಲೀಟರಿನ ಡೀಪ್ ಫ್ರೀಜರ್ ಒಂದನ್ನು 6,500 ರೂಪಾಯಿಗೆ ತಂದಿದ್ದೆವು. ಮೇಲಿಂದ ಮುಚ್ಚಳ ತೆಗೆಯುವ ಪೆಟ್ಟಿಗೆಯಂಥದ್ದು. ಅಡಿಗೆಮನೆಯ ಹಿಂದಿನ ಚಾವಡಿಯಲ್ಲಿ ಇಟ್ಟಿದ್ದೇವೆ.

ಈ ವರ್ಷ ಜೂನ್‌ಗೆ ಅದು ಬಾಯಿವರೆಗೆ ತುಂಬಿತ್ತು. ಆದರೂ ದಿನಾ ಸಂಜೆ 6 ಗಂಟೆಗೆ ನನಗೆ ಅದೇ ತಲೆಬಿಸಿ: ಇವತ್ತು ಎಂತ ಮಾಡುವುದು? ಇದ್ದದ್ದು ಬೇಕಾದಷ್ಟು. ಎಲ್ಲರೂ ತಿನ್ನುವಂಥದ್ದು ಒಂದೂ ಇಲ್ಲ. ಎರಡು ತಿಂಗಳು ಇದನ್ನು ಸರಿ ಮಾಡಲಿಕ್ಕೆ ಏನೇನು ಮಾಡಿದೆ, ಎಲ್ಲಿ ತಪ್ಪಿದೆ ಎಂದು ಒಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಅದನ್ನೇ ಇಲ್ಲಿ ಇಡುತ್ತಿದ್ದೇನೆ.

ಜೂನ್ 1, ಭಾನುವಾರ: ಎಲ್ಲ ಹೊರಗೆ

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ನಾಡದೋಣಿಯ ಮೀನು ಬರುತ್ತದೆ, ಆದರೆ ಕಡಲು ಬಿಟ್ಟುಕೊಟ್ಟ ದಿನ ಮಾತ್ರ, ರೇಟೂ ಜಾಸ್ತಿ. ಹಾಗಾಗಿ ಮೇ ಕೊನೆಗೆ ಮನೆಯವರು ಮಲ್ಪೆ ಬಂದರಿಗೆ ಮೂರು ಸಲ ಹೋಗಿ ಮೀನು ತಂದರು. ಅದೇ ವಾರ ಕಾರ್ಕಳದ ತವರಿನಿಂದ ನನ್ನ ಅಣ್ಣ ಎರಡು ಹಲಸಿನ ಹಣ್ಣು, ಒಂದು ಚೀಲ ಕಾಡುಮಾವು ತಂದು ಇಳಿಸಿದ. ಬಂದದ್ದೆಲ್ಲ ಸಿಕ್ಕಿದ ಕವರಿನಲ್ಲಿ ಕಟ್ಟಿ ಒಳಗೆ ತಳ್ಳಿದ್ದೆ. ಮೊದಲ ತಪ್ಪು ಅದು.

ಬೆಳಿಗ್ಗೆ 10ಕ್ಕೆ ಎಲ್ಲ ತೆಗೆದು ಚಾವಡಿಯಲ್ಲಿ ಹಳೆ ಕಂಬಳಿಯ ಮೇಲೆ ಹರವಿದೆ. ಮಗ ತಕ್ಕಡಿ ಹಿಡಿದ, ನಾನು ಬರೆದೆ. ಬಂಗುಡೆ 5.2 ಕಿಲೋ. ಬೂತಾಯಿ 3. ಅಂಜಲ್ 14 ತುಂಡು, 2.1 ಕಿಲೋ. ಸುಲಿದ ಸಿಗಡಿ 1.4. ಕೋಳಿ 3.6. ಹಲಸಿನ ತೊಳೆ 4 ಕಿಲೋ. ಕಾಡುಮಾವಿನ ರಸ 1.6. ತೆಂಗಿನ ತುರಿ 1.8. ಗುಜ್ಜೆ (ಎಳೆ ಹಲಸು) ಹೋಳು 1.5. ಅರೆದ ಮಸಾಲೆ 1.3. ಬಟಾಣಿ 600 ಗ್ರಾಂ. ಇನ್ನು ಎಂತ ಎಂದು ಗೊತ್ತಾಗದ ಆರು ಕಟ್ಟು, 1.9 ಕಿಲೋ. ಒಟ್ಟು 28 ಕಿಲೋ.

ಇಷ್ಟಕ್ಕೆ 35 ನಿಮಿಷ ಹಿಡಿಯಿತು. ಅದು ಜಾಸ್ತಿಯಾಯಿತು. ಅಂಚಿನ ಸಿಗಡಿ ಕಟ್ಟು ಬೆವರಲಿಕ್ಕೆ ಶುರುವಾಗಿತ್ತು. ಅದನ್ನು ವಾಪಸ್ ಹಾಕದೆ ಅದೇ ಮಧ್ಯಾಹ್ನ ಸುಕ್ಕ ಮಾಡಿ ಮುಗಿಸಿದೆ. ಈ ಕೆಲಸ ಮಾಡುವವರು ಒಂದೊಂದು ಜಾತಿಯನ್ನೇ ತೆಗೆದು, ತೂಗಿ, ಒಳಗಿಟ್ಟು, ಆಮೇಲೆ ಮುಂದಿನದ್ದಕ್ಕೆ ಹೋಗಿ.

ಗುರುತು ಸಿಗದ್ದಕ್ಕೆ ಕಾರಣ ಕಾಗದದ ಚೀಟಿ. ಮೇಲೆ ಸೆಲ್ಲೋಟೇಪ್ ಅಂಟಿಸಿದ್ದೆ. ತಂಪಿಗೆ ಟೇಪ್ ಎದ್ದು, ಚೀಟಿಗಳೆಲ್ಲ ತಳದಲ್ಲಿ ಬಿದ್ದಿದ್ದವು. ಬಾಲ್ ಪೆನ್ನಿನಲ್ಲಿ ಬರೆದ ಎರಡು ಚೀಟಿ ನೀರಿಗೆ ಕಲಸಿಹೋಗಿದ್ದವು.

ಜೂನ್ 3: ಯಾರು ಎಂತ ತಿನ್ನುತ್ತಾರೆ

ಸುಮ್ನೆ ಊಹೆ ಮಾಡದೆ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದೆ. ಇದು 10 ನಿಮಿಷದ ಕೆಲಸ. ಯಾಕೆ ಮೊದಲೇ ಮಾಡಲಿಲ್ಲವೋ ಗೊತ್ತಿಲ್ಲ.

ಮಗ: ಮೀನಿನ ರುಚಿ ಇಷ್ಟ, ಮುಳ್ಳು ಮಾತ್ರ ಹೆದರಿಕೆ. ಮೂರು ವರ್ಷದ ಹಿಂದೆ ಗಂಟಲಲ್ಲಿ ಸಿಕ್ಕಿತ್ತು. ಸಿಗಡಿ, ಅಂಜಲ್ ತಿನ್ನುತ್ತಾನೆ. ಬಂಗುಡೆ, ಬೂತಾಯಿ ಬೇಡ.

ಮಗಳು: ಕೆಂಪು ಬಣ್ಣ ಕಂಡರೆ ತಟ್ಟೆ ದೂಡುತ್ತಾಳೆ. ಖಾರ ಇದ್ದರೂ ಇಲ್ಲದಿದ್ದರೂ ಅಷ್ಟೇ. ಬ್ಯಾಡಗಿ ಮೆಣಸಿನ ಬಣ್ಣವೇ ಅವಳಿಗೆ ಆಗದು.

ಮನೆಯವರು: ಬಿಸಿ ಮಾಡಿದ್ದನ್ನೇ ಮತ್ತೆ ಬಿಸಿ ಮಾಡಿ ಕೊಟ್ಟರೆ ಊಟ ಅರ್ಧಕ್ಕೆ ಬಿಡುತ್ತಾರೆ. ಹಲಸಿನದ್ದು ಯಾವುದೂ ಬೇಡ.

ಅತ್ತೆ: ಸೋಮವಾರ, ಗುರುವಾರ, ಸಂಕ್ರಮಣದ ದಿನ ಮೀನು ಮಾಂಸ ಇಲ್ಲ. ಉಳಿದ ದಿನವೂ ಐಸಿನಲ್ಲಿಟ್ಟ ಮೀನೆಂದರೆ ಅವರಿಗೆ ಅಷ್ಟಕ್ಕಷ್ಟೆ. "ಮಳೆಗಾಲಕ್ಕೆ ಒಣಮೀನು ಉಂಟಲ್ಲ ಮಾರಾಯ್ತಿ, ಇದೆಲ್ಲ ಯಾಕೆ?" ಎಂದು ಕೇಳಿದರು. ಅವರ ಮಾತಿನಲ್ಲಿ ನ್ಯಾಯ ಉಂಟು. ಅಟ್ಟದ ಮೇಲೆ ಒಣ ನುಂಗೆಲ್, ಒಣ ಸಿಗಡಿ ಡಬ್ಬಿಯಲ್ಲಿ ಇತ್ತು. ಅದನ್ನೂ ಲೆಕ್ಕಕ್ಕೆ ಸೇರಿಸಿದೆ.

ನನ್ನ ಹೆಸರಿನ ಮುಂದೆ ಏನೂ ಬರೆದಿರಲಿಲ್ಲ. ಮಗಳು ಪುಸ್ತಕ ನೋಡಿ, "ಅಮ್ಮಾ, ನಿನಗೆ?" ಎಂದಳು. ಬೂತಾಯಿ ಪುಳಿಮುಂಚಿ (ಹುಳಿ ಖಾರದ ಸಾರು) ಎಂದು ಬರೆದೆ. ನನಗೆ ನಿಜವಾಗಿ ಇಷ್ಟ ಅದು. ಮಾಡದೆ ವರ್ಷವಾಗಿತ್ತು.

ಜೂನ್ 4ರಿಂದ 10: ಮೊದಲ ಟೈಮ್‌ಟೇಬಲ್, ಮೊದಲ ಸೋಲು

ವಾರದ ಏಳು ದಿನಕ್ಕೆ ಏಳು ಪದಾರ್ಥ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಬುಧವಾರ ಬಂಗುಡೆ, ಗುರುವಾರ ಗುಜ್ಜೆ ಪಲ್ಯ, ಶುಕ್ರವಾರ ಕೋಳಿ, ಹೀಗೆ. ಮೂರೇ ದಿನಕ್ಕೆ ಅದು ಕೆಟ್ಟುಹೋಯಿತು.

ಬುಧವಾರ ಬಂಗುಡೆ ತೆಗೆದರೆ ಒಂದೂವರೆ ಕಿಲೋದ ಗಟ್ಟಿ ಕಲ್ಲು. ಹನ್ನೊಂದು ಮೀನು ಒಂದಕ್ಕೊಂದು ಅಂಟಿಕೊಂಡಿತ್ತು. ನಮಗೆ ಬೇಕಿದ್ದದ್ದು ಐದು. ಚೂರಿಯ ತುದಿ ತೂರಿಸಿ ಬಿಡಿಸಲು ಹೋದೆ. ಚೂರಿ ಜಾರಿ ಎಡಗೈ ಹೆಬ್ಬೆರಳಿಗೆ ತಾಗಿತು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಆಮೇಲೆ ನಲ್ಲಿಯ ಕೆಳಗೆ 40 ನಿಮಿಷ ಹಿಡಿದು ಪೂರ್ತಿ ಬಿಡಿಸಿದೆ. ಪೂರ್ತಿ ಕರಗಿದ್ದನ್ನು ಮತ್ತೆ ಫ್ರೀಜರಿಗೆ ಹಾಕುವಂತಿಲ್ಲ, ಹಾಗಾಗಿ ಹನ್ನೊಂದನ್ನೂ ಬೇಯಿಸಬೇಕಾಯಿತು. ಮರುದಿನ ಗುರುವಾರ, ಅತ್ತೆ ತಿನ್ನುವುದಿಲ್ಲ. ಶುಕ್ರವಾರಕ್ಕೆ ಮನೆಯವರು ಮುಖ ತಿರುಗಿಸಿದರು. ನಾನೊಬ್ಬಳೇ ಎರಡು ದಿನ ಬಂಗುಡೆ ತಿಂದೆ.

ಶುಕ್ರವಾರದ್ದು ಇನ್ನೊಂದು ಪಾಠ. ಡಬ್ಬಿಯಲ್ಲಿ ಕಂದು ಬಣ್ಣದ ಮುದ್ದೆ ಇತ್ತು. ಸುಕ್ಕದ ಮಸಾಲೆ ಎಂದುಕೊಂಡು ಕೋಳಿ ಬೇಯುವಾಗ ಪಕ್ಕದಲ್ಲಿ ಕರಗಲು ಇಟ್ಟೆ. ಬಾಣಲೆಗೆ ಹಾಕುವ ಮೊದಲು ಒಂದು ಚಮಚ ಮೂಗಿನ ಹತ್ತಿರ ಹಿಡಿದೆ. ಏಲಕ್ಕಿ, ಬೆಲ್ಲ. ಅದು ಹಲಸಿನ ಮುಳ್ಕಕ್ಕೆಂದು (ಎಣ್ಣೆಯಲ್ಲಿ ಕರಿಯುವ ಸಿಹಿ ಉಂಡೆ) ರುಬ್ಬಿಟ್ಟ ಹಿಟ್ಟು! ಮೂಸಿ ನೋಡಿದ್ದರಿಂದ ಕೋಳಿ ಉಳಿಯಿತು. ಆ ರಾತ್ರಿ ಮಕ್ಕಳಿಗೆ ಊಟದ ಮೊದಲೇ ಮುಳ್ಕ ಸಿಕ್ಕಿತು.

ಟೈಮ್‌ಟೇಬಲ್ ಹರಿದು ಹಾಕಿದೆ. ತಪ್ಪು ಪದಾರ್ಥದ ಹೆಸರಿನಲ್ಲಿ ಇರಲಿಲ್ಲ. ಕಟ್ಟು ಕಟ್ಟಿದ ರೀತಿಯಲ್ಲಿ ಇತ್ತು. ಒಂದು ಕಟ್ಟು ಅಂದರೆ ಒಂದು ಹೊತ್ತಿನ ಊಟ ಎಂದು ಆಗದೆ ಯಾವ ಪಟ್ಟಿಯೂ ನಿಲ್ಲುವುದಿಲ್ಲ.

ಜೂನ್ 14, ಶನಿವಾರ: ಮತ್ತೆ ಕಟ್ಟಿದ್ದು

ತಂದ ಸಾಮಾನು: ಜಿಪ್ ಇರುವ ದಪ್ಪ ಕವರ್ 50ಕ್ಕೆ 260 ರೂಪಾಯಿ. ಅರ್ಧ ಲೀಟರಿನ ಚಪ್ಪಟೆ ಡಬ್ಬಿ 10, 450 ರೂಪಾಯಿ. ಪೇಂಟಿನವರು ಬಳಸುವ ಕಾಗದದ ಟೇಪ್ 45. ಅಳಿಸದ ಮಾರ್ಕರ್ ಪೆನ್ ಎರಡು, 50. ಫ್ರೀಜರಿನ ಒಳಗೆ ಇಡುವ ಥರ್ಮಾಮೀಟರ್ 220. ನೋಟ್‌ಪುಸ್ತಕ 30. ಒಟ್ಟು 1,055.

ಥರ್ಮಾಮೀಟರ್ ಇಟ್ಟು ನೋಡಿದರೆ ಮೈನಸ್ 13. ಇರಬೇಕಾದದ್ದು ಮೈನಸ್ 18. ಗೋಡೆಯ ಸುತ್ತ ಎರಡು ಬೆರಳು ದಪ್ಪ ಐಸ್ ಕಟ್ಟಿತ್ತು, ಮುಚ್ಚಳದ ರಬ್ಬರಿನಲ್ಲಿ ಮೀನಿನ ಹುರುಪೆ ಒಣಗಿ ಕೂತಿತ್ತು. ರಬ್ಬರನ್ನು ಸೋಪಿನ ನೀರಿನಲ್ಲಿ ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ ಒರೆಸಿದೆ. ಐಸನ್ನು ಮರದ ಸಟ್ಟುಗದಿಂದ ಎಬ್ಬಿಸಿದೆ. ಚೂರಿ ಹಾಕಿದರೆ ಒಳಗಿನ ಗ್ಯಾಸಿನ ಪೈಪಿಗೆ ತೂತು ಬೀಳಬಹುದು. ಮರುದಿನ ಬೆಳಿಗ್ಗೆ ಮೈನಸ್ 18 ತೋರಿಸಿತು. ಒಂದು ರೂಪಾಯಿ ಖರ್ಚಿಲ್ಲದೆ ಆದ ರಿಪೇರಿ ಅದು.

ಬಂಗುಡೆಯ ಉಳಿದ ಕಟ್ಟುಗಳನ್ನು ತಣ್ಣೀರಿಗೆ ಎರಡೇ ನಿಮಿಷ ಹಿಡಿದೆ. ಮೇಲಿನ ಐಸ್ ಸಡಿಲವಾದ ಕೂಡಲೇ ಕೈಯಲ್ಲೇ ಬಿಡಿಸಿದೆ. ಮೀನು ಒಳಗೆ ಕಲ್ಲಿನಂತೆಯೇ ಇರಬೇಕು, ಅದು ಮುಖ್ಯ. ಬಿಡಿಸಿದ್ದನ್ನು ಐಸ್ ಹಾಕಿದ ನೀರಿನಲ್ಲಿ ಅದ್ದಿ, ತಟ್ಟೆಯಲ್ಲಿ ಸಾಲಾಗಿ ಇಟ್ಟು ಫ್ರೀಜರಿಗೆ ಹಾಕಿದೆ. ಮೈಮೇಲೆ ಗಾಜಿನಂಥ ತೆಳು ಐಸ್ ಕಟ್ಟಿತು. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಅದ್ದಿದೆ. ಆ ಐಸಿನ ಪದರ ಇದ್ದರೆ ಗಾಳಿ ತಾಗುವುದಿಲ್ಲ, ಮೀನು ಒಣಗಿ ಬಿಳಿಚಿಕೊಳ್ಳುವುದಿಲ್ಲ. ಆಮೇಲೆ ಐದೈದು ಎಣಿಸಿ ಕವರಿಗೆ.

ಒಂದು ಕಟ್ಟಿನ ಎಂಟು ನೂರು ಗ್ರಾಂ ಬಂಗುಡೆ ಎಸೆಯಬೇಕಾಯಿತು. ಹೊಟ್ಟೆಯ ಹತ್ತಿರ ಹಳದಿ ಬಣ್ಣ, ಹಳೆ ಎಣ್ಣೆಯ ಕಮಟು ವಾಸನೆ. ಅದು ಮೇ ತಿಂಗಳದ್ದಲ್ಲ, ಫೆಬ್ರವರಿಯದ್ದು, ತಳದಲ್ಲಿ ಉಳಿದುಹೋಗಿತ್ತು. ಬಂಗುಡೆ, ಬೂತಾಯಿಯಂಥ ಎಣ್ಣೆ ಮೀನು ಫ್ರೀಜರಿನಲ್ಲೂ ಎರಡು ಮೂರು ತಿಂಗಳಿಗಿಂತ ಜಾಸ್ತಿ ಚೆನ್ನಾಗಿರುವುದಿಲ್ಲ. ಹಾಗಾಗಿ ಮೊದಲು ಅವು, ಆಮೇಲೆ ಅಂಜಲ್ ಎಂದು ಸಾಲು ಮಾಡಿದೆ.

ಗುರುತು ಸಿಗದ ಆರರಲ್ಲಿ ಎರಡು ಮೀನು, ಪೂರ್ತಿ ಬಿಳಿಚಿದ್ದವು. ಅದೂ ಹೊರಗೆ, 900 ಗ್ರಾಂ. ಉಳಿದದ್ದರಲ್ಲಿ ಹಲಸಿನ ಬೀಜ, ತೆಂಗಿನ ಹಾಲು, ಕೋಳಿಯ ಲಿವರ್, ಮತ್ತೆ ಆ ಮುಳ್ಕದ ಹಿಟ್ಟಿನ ಇನ್ನೊಂದು ಡಬ್ಬಿ.

ತೆಂಗಿನ ತುರಿ ತೆಗೆದು ನೋಡಿದರೆ ಹಲಸಿನ ಹಣ್ಣಿನ ವಾಸನೆ. ಸಾಮಾನ್ಯ ಕವರಿನಲ್ಲಿ ಕಟ್ಟಿದ ತೊಳೆ ಇಡೀ ಪೆಟ್ಟಿಗೆಗೆ ವಾಸನೆ ಹತ್ತಿಸಿತ್ತು. 600 ಗ್ರಾಂ ತುರಿ ಯಾವ ಪಲ್ಯಕ್ಕೂ ಬರಲಿಲ್ಲ. ಉಳಿದ ತುರಿಯನ್ನು ಅಡಿಗೆಮನೆಯ ಫ್ರಿಜ್ಜಿನ ಮೇಲಿನ ಖಾನೆಗೆ ಬದಲಿಸಿದೆ. ಅತ್ತೆಗೂ ಸಮಾಧಾನವಾಯಿತು, ಮೀನಿನ ಜೊತೆ ಇಟ್ಟ ಕಾಯಿ ಸೋಮವಾರದ ಅಡಿಗೆಗೆ ಬೇಡ ಎಂದು ಅವರು ಮೊದಲಿಂದ ಹೇಳುತ್ತಿದ್ದರು. ತೊಳೆಯನ್ನು ಈಗ ಡಬ್ಬಿಗೆ ಹಾಕಿ ಮೇಲೆ ಕವರ್ ಹಾಕುತ್ತೇನೆ. ಆದರೂ ವಾಸನೆ ಪೂರ್ತಿ ನಿಂತಿಲ್ಲ.

ಟೇಪನ್ನು ಕವರಿಗೆ ಅಂಟಿಸಿ, ಬರೆದು, ಆಮೇಲೆ ಫ್ರೀಜರಿಗೆ ಹಾಕಬೇಕು. ತಂಪಾದ ಕವರಿಗೆ ಅಂಟುವುದಿಲ್ಲ. ಟೇಪಿನ ಮೇಲೆ ನಾಲ್ಕು ವಿಷಯ: ಎಂತ, ಎಷ್ಟು ತುಂಡು, ತಾರೀಕು, ಯಾರಿಗೆ. ಈ ಕೊನೆಯದ್ದು ನನಗೆ ಅತಿ ದೊಡ್ಡ ಉಪಕಾರ ಮಾಡಿತು. "ಅಂಜಲ್, 5 ತುಂಡು, ಮೇ 27, ಎಲ್ಲರಿಗೆ." "ಬೂತಾಯಿ, 12, ಮೇ 29, ಅತ್ತೆ + ನಾನು." ಕಟ್ಟು ಕೈಗೆ ತೆಗೆದ ಕೂಡಲೇ ಇನ್ನು ಯಾರಿಗೆ ಎಂತ ಬೇಕೆಂದು ಗೊತ್ತಾಗುತ್ತದೆ.

ಜೂನ್ 16ರ ನಂತರ: ಕೆಂಪಾಗುವ ಮೊದಲು ಬೇರೆ ಮಾಡುವುದು

ಐದು ಜನರಿಗೆ ಐದು ಅಡಿಗೆ ನನ್ನಿಂದ ಆಗದು. ಬೆಳಿಗ್ಗೆ 8:40ಕ್ಕೆ ಕೆಲಸಕ್ಕೆ ಬಸ್ ಹಿಡಿಯಬೇಕು. ಹಾಗಾಗಿ ಒಂದೇ ಅಡಿಗೆ ಶುರು ಮಾಡಿ, ಎಲ್ಲರೂ ಒಪ್ಪುವ ಕೊನೆಯ ಹಂತದಲ್ಲಿ ಎರಡು ಪಾತ್ರೆ ಮಾಡುವುದು ಎಂದು ನೋಡಿದೆ.

ಕೋಳಿ 700 ಗ್ರಾಂ. ಉಪ್ಪು, ಅರಿಶಿನ, ಶುಂಠಿ, ಒಂದು ನೀರುಳ್ಳಿ ಹಾಕಿ ಬೇಯಿಸಿದೆ. ಇಲ್ಲಿಯವರೆಗೆ ಬಣ್ಣ ಹಳದಿ. ನಾಲ್ಕು ತುಂಡು, ಒಂದು ಸೌಟು ರಸ ಸಣ್ಣ ಪಾತ್ರೆಗೆ ತೆಗೆದು, ಕರಿಮೆಣಸಿನ ಪುಡಿ ಚಿಟಿಕೆ, ತುಪ್ಪ, ಎರಡು ಚಮಚ ತೆಂಗಿನ ಹಾಲು. ಮಗಳ ಪಾಲು ಮುಗಿಯಿತು. ಉಳಿದದ್ದಕ್ಕೆ ಸುಕ್ಕದ ಮಸಾಲೆ, ಹುರಿದ ಕಾಯಿತುರಿ. ಎರಡನೇ ಪಾತ್ರೆಗೆ ಜಾಸ್ತಿ ಹಿಡಿದದ್ದು 6 ನಿಮಿಷ. ಮಗಳು ನೀರ್ ದೋಸೆ ಅದ್ದಿಕೊಂಡು ಮೂರು ತುಂಡು ತಿಂದಳು. ಆ ದಿನದ ಪುಟದಲ್ಲಿ ದೊಡ್ಡದಾಗಿ ಸರಿ ಗುರುತು ಹಾಕಿದ್ದೇನೆ.

ಅಂಜಲ್ ಇನ್ನೂ ಸುಲಭ. ಐದು ತುಂಡಿಗೂ ಉಪ್ಪು, ಲಿಂಬೆ. ಮೂರಕ್ಕೆ ಕೆಂಪು ಮಸಾಲೆ. ಎರಡಕ್ಕೆ ಕರಿಮೆಣಸು, ಬೆಳ್ಳುಳ್ಳಿ, ಮೇಲೆ ರವೆ. ಕಾವಲಿಯಲ್ಲಿ ಮೊದಲು ರವೆಯದ್ದು ಕಾಯಿಸಿ ತೆಗೆಯಬೇಕು. ಒಮ್ಮೆ ಅದಲುಬದಲು ಮಾಡಿದೆ. ಕೆಂಪು ಎಣ್ಣೆ ರವೆಗೆ ಹತ್ತಿತು, ಮಗಳು ಮುಟ್ಟಲಿಲ್ಲ.

ಹಲಸಿನ ತೊಳೆ ಫ್ರೀಜರಿನಿಂದ ಬಂದ ಮೇಲೆ ಹಾಗೇ ತಿನ್ನಲಿಕ್ಕೆ ಆಗದು, ಮೆತ್ತಗಾಗಿರುತ್ತದೆ. ರುಬ್ಬಲಿಕ್ಕೆ ಒಳ್ಳೆಯದೇ. ಅರ್ಧ ಕಿಲೋ ತೊಳೆಗೆ ಎರಡು ಲೋಟ ನೆನೆಸಿದ ಬೆಳ್ತಿಗೆ ಅಕ್ಕಿ, ಬೆಲ್ಲ, ಕಾಯಿ. ತರಿತರಿಯಾಗಿ ರುಬ್ಬಿ, ಅರ್ಧ ಹಿಟ್ಟನ್ನು ಬಾಡಿಸಿದ ಬಾಳೆಎಲೆಯಲ್ಲಿ ಮಡಚಿ ಗಟ್ಟಿ ಎಂಬ ಕಡುಬು, 45 ನಿಮಿಷ ಹಬೆ. ಉಳಿದ ಅರ್ಧ ಸಣ್ಣ ಸಣ್ಣ ಮುಳ್ಕ. ಮೊದಲ ಸಲ ಕರಗಿದ ತೊಳೆಯ ನೀರನ್ನು ಬಸಿಯದೆ ಹಾಕಿದೆ, ಹಿಟ್ಟು ನೀರಾಗಿ ಎಲೆಯಿಂದ ಸೋರಿತು. ಈಗ ನೀರನ್ನು ಬೇರೆ ತೆಗೆದು ಬೆಲ್ಲ ಕರಗಿಸಲಿಕ್ಕೆ ಬಳಸುತ್ತೇನೆ. ಮನೆಯವರಿಗೆ ಆ ದಿನ ಒಣಮೀನಿನ ಚಟ್ನಿ, ಕುಚ್ಚಲಕ್ಕಿ ಗಂಜಿ. ಅತ್ತೆಯೂ ಅದಕ್ಕೇ ಕೂತರು, ಸೋಮ ಗುರು ಅಲ್ಲದಿದ್ದರೆ.

ಆಗದೇ ಹೋದದ್ದೂ ಉಂಟು. ಒಂದು ಭಾನುವಾರ ಕೋಳಿ ಗಸಿ ಜಾಸ್ತಿ ಮಾಡಿ ಎರಡು ಡಬ್ಬಿ ಫ್ರೀಜರಿಗೆ ಹಾಕಿದೆ. ಬಿಸಿ ಮಾಡಿದಾಗ ತೆಂಗಿನ ಹಾಲು ಒಡೆದು ಎಣ್ಣೆ ಬೇರೆ, ನೀರು ಬೇರೆ. ಒಳಗಿದ್ದ ಬಟಾಟೆ ಸ್ಪಂಜಿನಂತಾಗಿತ್ತು. ಈಗ ಅರೆದ ಮಸಾಲೆ ಮಾತ್ರ ಇಡುತ್ತೇನೆ, ಚಪ್ಪಟೆ ಮಾಡಿ, ಒಂದು ಬೆರಳಿಗಿಂತ ತೆಳುವಾಗಿ. ಬೇಕಾದಷ್ಟು ಮುರಿದು ತೆಗೆಯಬಹುದು. ನೀರ್ ದೋಸೆಯನ್ನೂ ಇಟ್ಟು ನೋಡಿದೆ. ಹರಿದು ಚೂರಾಯಿತು. ಅದು ಕಾವಲಿಯಿಂದ ತಟ್ಟೆಗೇ ಬರಬೇಕಾದದ್ದು.

ಜೂನ್ 24: ಕಟ್ಲೆಟ್

ಇದನ್ನು ಬರೆಯಲಿಕ್ಕೆ ಮನಸ್ಸಿಲ್ಲ, ಆದರೆ ಇಲ್ಲೇ ನಾನು ಅತಿ ದೊಡ್ಡ ತಪ್ಪು ಮಾಡಿದ್ದು.

ಬಂಗುಡೆ ಇನ್ನೂ ಮೂರು ಕಟ್ಟು ಇತ್ತು, ದಿನ ಹೋಗುತ್ತಿತ್ತು. ಒಂದು ಕಟ್ಟು ಬೇಯಿಸಿ, ಮುಳ್ಳು ತೆಗೆದು, ಬಟಾಟೆ, ಹಸಿಮೆಣಸು, ಕೊತ್ತಂಬರಿ ಸೊಪ್ಪು ಸೇರಿಸಿ ಕಟ್ಲೆಟ್ ಮಾಡಿದೆ. ಮಗ ಕೇಳಿದ, "ಎಂತದ್ದು ಅಮ್ಮಾ?" ನಾನು "ಕೋಳಿ" ಎಂದೆ.

ಮೊದಲನೆಯದ್ದು ತಿಂದ. ಎರಡನೆಯದ್ದರ ಅರ್ಧದಲ್ಲಿ ನಿಂತ. ಬಾಯಿಯಿಂದ ಒಂದು ಮುಳ್ಳು ತೆಗೆದ, ಕೂದಲಿನಷ್ಟು ತೆಳು, ಅರ್ಧ ಇಂಚು ಉದ್ದ. ಅದನ್ನು ತಟ್ಟೆಯ ಅಂಚಿಗೆ ಇಟ್ಟ. ಕೂಗಲಿಲ್ಲ, ಏನೂ ಹೇಳಲಿಲ್ಲ. ಎದ್ದು ಕೈ ತೊಳೆದ. ರಾತ್ರಿ ಮಲಗುವಾಗ ಹೇಳಿದ: "ಮೀನು ಅಂತ ಹೇಳಿದ್ರೆ ನಾನು ನೋಡಿ ತಿಂತಿದ್ದೆ."

ಅವನು ಹೇಳಿದ್ದು ಸರಿ. ಮುಳ್ಳಿಗೆ ಹೆದರುವವನಿಗೆ ನಾನು ನೋಡಿ ತಿನ್ನುವ ಅವಕಾಶವನ್ನೇ ತಪ್ಪಿಸಿದ್ದೆ. ಮುಂದಿನ 9 ದಿನ ಅವನು ನಾನು ಮಾಡಿದ ಪ್ರತಿಯೊಂದನ್ನೂ ಬೆರಳಿನಿಂದ ಬಿಡಿಸಿ ನೋಡಿ ತಿಂದ, ದೋಸೆಯನ್ನು ಕೂಡ. ಅವನ ಹತ್ತಿರ ತಪ್ಪಾಯಿತು ಎಂದು ಹೇಳಿದೆ. ಇನ್ನು ಯಾವ ಡಬ್ಬಿಯಲ್ಲಿ ಎಂತ ಉಂಟೋ ಅದನ್ನೇ ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಜುಲೈ 4ರ ಸಂಜೆ ಅವನನ್ನೇ ಅಡಿಗೆಮನೆಗೆ ಕರೆದೆ. ಒಂದು ಬಂಗುಡೆಯನ್ನು ಉಪ್ಪು, ಅರಿಶಿನ ಹಾಕಿ ಹಬೆಯಲ್ಲಿ 8 ನಿಮಿಷ ಬೇಯಿಸಿ ಸ್ಟೀಲ್ ತಟ್ಟೆಯಲ್ಲಿಟ್ಟೆ. ಬೆನ್ನಿನ ಉದ್ದಕ್ಕೆ ಹೆಬ್ಬೆರಳು ಜಾರಿಸಿದರೆ ಮೇಲಿನ ಮಾಂಸ ಒಂದೇ ಪದರವಾಗಿ ಎದ್ದು ಬರುತ್ತದೆ. ನಡುಮುಳ್ಳನ್ನು ಬಾಲದ ಕಡೆಯಿಂದ ಹಿಡಿದು ಎತ್ತಿದರೆ ಪೂರ್ತಿ ಏಣಿಯ ಹಾಗೆ ಬಂತು. ಹೊಟ್ಟೆಯ ಕಡೆಯ ಬಾಗಿದ ಮುಳ್ಳು ಒಂದು ಸಾಲು. ಆಮೇಲೆ ಮಾಂಸದ ನಡುಗೆರೆಯಲ್ಲಿ ಅಡಗಿಕೊಂಡ ಸಣ್ಣವು. ಕಟ್ಲೆಟ್‌ನಲ್ಲಿ ನನ್ನ ಕಣ್ಣು ತಪ್ಪಿಸಿದ್ದು ಅವೇ. ಅವನು ಆ ಗೆರೆಯ ಎರಡು ಬದಿ ಒತ್ತಿ ನೋಡುತ್ತಾ ಒಂದೊಂದೇ ಎಳೆದು ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿದ. ಇಪ್ಪತ್ತು ನಿಮಿಷ ಹಿಡಿಯಿತು. ಮೀನು ಆರಿ ತಣ್ಣಗಾಗಿತ್ತು. ತುಪ್ಪದಲ್ಲಿ ಬಿಸಿ ಮಾಡಿ ಕೊಟ್ಟೆ. ತಿಂದ.

ಈಗ ಬಂಗುಡೆಯ ದಿನ ಅವನ ಮೀನನ್ನು ಅವನೇ ಬಿಡಿಸುತ್ತಾನೆ. 5 ನಿಮಿಷ ಸಾಕು.

ಬೂತಾಯಿಗೆ ಬೇರೆ ದಾರಿ ಬೇಕಾಯಿತು, ಅದರಲ್ಲಿ ಮುಳ್ಳು ತುಂಬ ಸಣ್ಣ, ತುಂಬ ಜಾಸ್ತಿ. ಕುಕ್ಕರಿನಲ್ಲಿ ಹುಣಸೆಹುಳಿ, ಉಪ್ಪು, ಸ್ವಲ್ಪ ಎಣ್ಣೆ ಹಾಕಿ ಸಣ್ಣ ಉರಿಯಲ್ಲಿ 20 ನಿಮಿಷ ಇಟ್ಟೆ. ನಡುಮುಳ್ಳು ಇನ್ನೂ ಗಟ್ಟಿ. ಮುಂದಿನ ಸಲ 45 ನಿಮಿಷ. ಮುಳ್ಳು ಬೆರಳಲ್ಲಿ ಒತ್ತಿದರೆ ಪುಡಿಯಾಯಿತು. ಅದಕ್ಕೇ ಪುಳಿಮುಂಚಿ ಮಸಾಲೆ ಹಾಕಿ ಕುದಿಸಿದೆ. ಅತ್ತೆ ಎರಡು ಸಲ ಹಾಕಿಸಿಕೊಂಡರು. ಐಸ್ ಮೀನು ಎಂಬ ಮಾತು ಆ ದಿನ ಬರಲಿಲ್ಲ. ಮಗನಿಗೆ ಎಲ್ಲ ಹೇಳಿಯೇ ಒಂದು ಕೊಟ್ಟೆ. ಅರ್ಧ ತಿಂದು, ಸಾಕು ಎಂದ. ಅಷ್ಟು ಸಾಕು.

ಜುಲೈ 5ರಿಂದ 7: 26 ಗಂಟೆ ಕರೆಂಟಿಲ್ಲ

ಪೆಟ್ಟಿಗೆ ಖಾಲಿಯಾದಂತೆ ಆ ಜಾಗಕ್ಕೆ ನೀರಿನ ಬಾಟಲಿ ಇಡುತ್ತಾ ಬಂದಿದ್ದೆ. ಒಂದು ಲೀಟರಿನದ್ದು ಎಂಟು, ಮುಕ್ಕಾಲು ಮಾತ್ರ ತುಂಬಿಸಿದ್ದು. ಪೂರ್ತಿ ತುಂಬಿಸಿದರೆ ಒಡೆಯುತ್ತದೆ, ಮೊದಲನೆಯದ್ದು ಒಡೆಯಿತು ಕೂಡ. ತುಂಬಿದ ಫ್ರೀಜರ್ ಮುಚ್ಚಳ ತೆಗೆಯದೆ ಇಟ್ಟರೆ ಹತ್ತಿರ ಹತ್ತಿರ 48 ಗಂಟೆ ತಂಪು ಹಿಡಿಯುತ್ತದೆ, ಅರ್ಧ ಖಾಲಿ ಇದ್ದರೆ 24 ಅಷ್ಟೇ. ಇನ್ನೊಂದು ಉಪಾಯ: ಸಣ್ಣ ಲೋಟದಲ್ಲಿ ನೀರು ಐಸ್ ಮಾಡಿ, ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಒಳಗೇ ಬಿಡುವುದು. ನಾಣ್ಯ ಕೆಳಗೆ ಇಳಿದಿದ್ದರೆ ಒಳಗೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದು ಅರ್ಥ.

ಶನಿವಾರ ರಾತ್ರಿ 11ಕ್ಕೆ ಗಾಳಿಮಳೆಗೆ ನಮ್ಮ ಓಣಿಯಲ್ಲಿ ಮಾವಿನ ಕೊಂಬೆ ತಂತಿಯ ಮೇಲೆ ಬಿತ್ತು. ಕರೆಂಟು ಬಂದದ್ದು ಭಾನುವಾರ ರಾತ್ರಿ ಕಳೆದು 1 ಗಂಟೆಗೆ. ಮುಚ್ಚಳದ ಮೇಲೆ "ತೆಗೆಯಬೇಡಿ" ಎಂದು ಟೇಪ್ ಅಂಟಿಸಿ, ಎರಡು ಕಂಬಳಿ ಹೊದಿಸಿದ್ದೆ. ತಳದಲ್ಲಿ ಗಾಳಿ ಆಡುವ ಜಾಗ ಮುಚ್ಚಬಾರದೆಂದು, ಕರೆಂಟು ಬಂದ ಕೂಡಲೇ ಕಂಬಳಿ ತೆಗೆದೆ. ಥರ್ಮಾಮೀಟರ್ ಮೈನಸ್ 7. ನಾಣ್ಯ ಐಸಿನ ಮೇಲೆಯೇ ಇತ್ತು. ಮೇಲಿನ ಸಾಲಿನ ಒಂದು ಸಿಗಡಿ ಕಟ್ಟು ಮಾತ್ರ ಅಂಚಿನಲ್ಲಿ ಮೆತ್ತಗೆ. ಅದನ್ನು ಫ್ರಿಜ್ಜಿಗೆ ಇಳಿಸಿ, ಸೋಮವಾರ ಅತ್ತೆಗೆ ಬೇರೆ ಸಾರು ಮಾಡಿ, ನಾವು ನಾಲ್ಕು ಜನ ಸಿಗಡಿ ತಿಂದೆವು.

ಜುಲೈ 17ರ ನಂತರ: ಆಟಿ

ಆಟಿ (ತುಳುನಾಡಿನ ಮಳೆಗಾಲದ ತಿಂಗಳು) ಶುರುವಾದ ಮೇಲೆ ಅಡಿಗೆಮನೆ ಅತ್ತೆಯ ಕೈಗೆ ಹೋಯಿತು. 24 ಕೆಸುವಿನ ಎಲೆ, ಹುಳಿ ಸರಿಯಾಗಿ ಹಾಕಿದ ಹಿಟ್ಟು, ಆರು ಸುತ್ತು ಪತ್ರೊಡೆ. ನಾನು ಮೂರನ್ನು ಕೇಳಿ ತೆಗೆದುಕೊಂಡೆ. ಬೆಂದು ಪೂರ್ತಿ ಆರಿದ ಮೇಲೆ ಇಡೀ ಸುತ್ತನ್ನೇ ಕಟ್ಟಿ ಫ್ರೀಜರಿಗೆ. ವಾರದ ನಂತರ ಅರ್ಧ ಕರಗಿದಾಗಲೇ ಬಿಲ್ಲೆ ಮಾಡಿದೆ. ಪೂರ್ತಿ ಕರಗಿದ ಮೇಲೆ ಕೊಯ್ದರೆ ಪದರ ಬಿಡುತ್ತದೆ. ಮಗನಿಗೆ ರವೆ ಹಚ್ಚಿ ಕಾವಲಿಯಲ್ಲಿ ಗರಿಗರಿ. ಮಗಳಿಗೆ ಪುಡಿ ಮಾಡಿ ಬೆಲ್ಲ, ಕಾಯಿತುರಿ. ಮನೆಯವರಿಗೆ ಒಗ್ಗರಣೆ. ಒಂದೇ ಸುತ್ತು, ಮೂರು ತಟ್ಟೆ, ಒಬ್ಬರೂ ಬೇಡ ಎನ್ನಲಿಲ್ಲ. ಎರಡು ತಿಂಗಳಲ್ಲಿ ಹಾಗೆ ಆದದ್ದು ಅದೊಂದೇ ದಿನ.

ಜುಲೈ 31, ಗುರುವಾರ: ಉಳಿದದ್ದು

ಮತ್ತೆ ತಕ್ಕಡಿ. ಬೂತಾಯಿ 600 ಗ್ರಾಂ, ತೊಳೆ 800, ಗುಜ್ಜೆ 400, ಕೋಳಿ 500, ಪತ್ರೊಡೆ ಒಂದು ಸುತ್ತು 400. ಒಟ್ಟು 2.7 ಕಿಲೋ. ಎಸೆದದ್ದು 2.3 ಕಿಲೋ, ಎಲ್ಲವೂ ಜೂನ್ 14ರಂದು ಸಿಕ್ಕಿದ್ದೇ. ಆಮೇಲೆ ಒಂದು ಗ್ರಾಂ ಕೂಡ ಎಸೆದಿಲ್ಲ.

ಮಗಳು ಬಂಗುಡೆಯನ್ನು ಯಾವ ರೂಪದಲ್ಲೂ ತಿನ್ನಲಿಲ್ಲ. ಅವಳ ಹೆಸರನ್ನು ಆ ಕಟ್ಟುಗಳ ಮೇಲೆ ಬರೆಯುವುದನ್ನು ಬಿಟ್ಟೆ. ಆ ದಿನ ಮೊಟ್ಟೆ.

ಉಳಿದದ್ದನ್ನು ಐಸ್ ಬಾಟಲಿಗಳ ಜೊತೆ ದೊಡ್ಡ ಪಾತ್ರೆಗೆ ಹಾಕಿ ಕಂಬಳಿ ಸುತ್ತಿದೆ. ಪ್ಲಗ್ ತೆಗೆದು, ಫ್ರೀಜರನ್ನು ಸೋಡಾಪುಡಿಯ ನೀರಿನಲ್ಲಿ ಒರೆಸಿ, ಮುಚ್ಚಳ ಒಂದು ಗಂಟೆ ತೆರೆದಿಟ್ಟೆ. ಹಲಸಿನ ವಾಸನೆ ಇನ್ನೂ ಸ್ವಲ್ಪ ಉಂಟು.

ಬೋಟುಗಳು ಬಂದ ಮೇಲೆ ಮಲ್ಪೆಗೆ ಹೋಗಲು ಮನೆಯವರಿಗೆ ಚೀಟಿ ಬರೆದು ಕೊಟ್ಟೆ: ಬಂಗುಡೆ 10, ಅಂಜಲ್ 1 ಕಿಲೋ ಐದು ತುಂಡಿನ ಲೆಕ್ಕದಲ್ಲಿ, ಸಿಗಡಿ ಅರ್ಧ ಕಿಲೋ, ಬೂತಾಯಿ ಬೇಡ. ಅವರು ಓದಿ ಜೇಬಿಗೆ ಹಾಕುವ ಮೊದಲು ಮಗ ಕೈಯಿಂದ ಇಸಿದುಕೊಂಡ. ಅರ್ಧ ಎಂಬುದನ್ನು ಹೊಡೆದು ಹಾಕಿ, ಪೆನ್ಸಿಲಿನಲ್ಲಿ 1 ಎಂದು ಬರೆದ. ಅದನ್ನು ಹಾಗೇ ಬಿಟ್ಟೆ.